ಬಿಗಿಬಟ್ಟೆ ತೊಟ್ಟರೆ ಪೆಟ್ಟಾಗುವುದಿಲ್ಲವೇ?

ಉತ್ತರ ಕರ್ನಾಟಕದ ಜಾತ್ರೆಗಳಿಗೆ ಸೈಕಲ್ ಶರ್ಯತ್ತು ಹೊಸದಲ್ಲ. ವಿಜಯಪುರ, ಬಾಗಲಕೋಟೆಯ ಕ್ರೀಡಾ ನಿಲಯಗಳಲ್ಲಿ ಬೆಳೆದ ಸವಾರರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಅವರನ್ನು ಮೊಬೈಲಿನಲ್ಲಿ ನೋಡಿದ ಕುಪ್ಪೇಲೂರಿನಂಥ ಸಣ್ಣ ಊರಿನ ಹುಡುಗ ಮೊದಲು ಆಸೆಪಡುವುದು ಆ ಮಿರುಗುವ ಬಿಗಿಬಟ್ಟೆಗೆ. ಅದನ್ನು ತೊಟ್ಟವನು ಬಿದ್ದರೂ ಮೈಗೆ ಏನೂ ಆಗದು ಎಂದು ಅವನೂ ನಂಬುತ್ತಾನೆ, ದುಡ್ಡು ಕೊಡುವ ಅಪ್ಪನೂ ನಂಬುತ್ತಾನೆ.

ಆ ಬಟ್ಟೆಯ ಕೆಲಸವೇ ಬೇರೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಸಡಿಲ ಅಂಗಿ ಪಟಪಟನೆ ಬಡಿದುಕೊಂಡು ಹಿಂದಕ್ಕೆಳೆಯುತ್ತದೆ, ಬಿಗಿಬಟ್ಟೆ ಎಳೆಯುವುದಿಲ್ಲ. ಬೆವರು ಬೇಗ ಆರುತ್ತದೆ. ಅಷ್ಟೇ. ಡಾಂಬರಿನ ಮೇಲೆ ಜಾರಿದರೆ ಆ ತೆಳು ಲೈಕ್ರಾ ಬಟ್ಟೆ ಕ್ಷಣದಲ್ಲಿ ಹರಿಯುತ್ತದೆ, ಅದರ ಹಿಂದೆಯೇ ಚರ್ಮವೂ ಹೋಗುತ್ತದೆ. ಚಡ್ಡಿಯೊಳಗಿನ ಮೆತ್ತೆಯೂ ಬೀಳುವವನಿಗಾಗಿ ಇಟ್ಟದ್ದಲ್ಲ. ಅದು ತಾಸುಗಟ್ಟಲೆ ಸೀಟಿನ ಮೇಲೆ ಕೂರುವವನ ತೊಡೆಸಂದು ಉಜ್ಜಿ ಹುಣ್ಣಾಗದಿರಲಿ ಎಂದು. ಒಳಚಡ್ಡಿಯ ಮೇಲೆ ಅದನ್ನು ತೊಟ್ಟರೆ ಆ ಉಪಯೋಗವೂ ಇಲ್ಲ.

ಬಿದ್ದ ಮೇಲಿನ ನಂಬಿಕೆಗಳು ಇನ್ನೂ ಕೆಟ್ಟವು. ತರಚಿದ ಜಾಗಕ್ಕೆ ಕಾಫಿಪುಡಿ ಮೆತ್ತುವವರಿದ್ದಾರೆ, ಟೂತ್‌ಪೇಸ್ಟ್ ಹಚ್ಚುವವರಿದ್ದಾರೆ, ಗಾಳಿಗೆ ಬಿಟ್ಟು ಒಣಗಿಸಿ ಎನ್ನುವವರೂ ಇದ್ದಾರೆ. ಗಾಯಕ್ಕೆ ಬೇಕಾದದ್ದು ಮೊದಲು ಧಾರಾಳ ಶುದ್ಧ ನೀರು. ಒಳಗೆ ಸಿಕ್ಕ ಮರಳು, ಡಾಂಬರಿನ ಕಣ ಹೋಗಬೇಕು. ಆಮೇಲೆ ಮುಚ್ಚಿ ತೇವವಾಗಿಟ್ಟರೆ ಬೇಗ ಮಾಯುತ್ತದೆ. ಮಣ್ಣು ಹೊಕ್ಕ ಗಾಯವಾದರೆ, ಹಿಂದಿನ ಧನುರ್ವಾಯು ಚುಚ್ಚುಮದ್ದು ಹಾಕಿಸಿ ಐದು ವರ್ಷ ದಾಟಿದ್ದರೆ ಮತ್ತೊಂದು ಬೇಕು. ಸವಾರರು ಕಾಲಿನ ಕೂದಲು ಬೋಳಿಸುವುದನ್ನು ಕಂಡು ಊರಲ್ಲಿ ನಗುತ್ತಾರೆ. ಗಾಯ ತೊಳೆಯುವುದು, ಪಟ್ಟಿ ಕೀಳುವುದು ಅದರಿಂದ ಎಷ್ಟೋ ಸಲೀಸು. ನಗುವಂಥದ್ದು ಅದರಲ್ಲಿ ಏನೂ ಇಲ್ಲ.

ಇನ್ನು ಹೆಲ್ಮೆಟ್. "ಬಿಸಿಲಾಗ ತಲಿ ಕಾಯತೈತಿ" ಎಂಬ ದೂರು ನಮ್ಮ ಹುಡುಗರದ್ದು ಮಾತ್ರವಲ್ಲ. 1991ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೆಲ್ಮೆಟ್ ಕಡ್ಡಾಯ ಮಾಡಲು ಹೊರಟಾಗ ಯುರೋಪಿನ ವೃತ್ತಿಪರ ಸವಾರರೇ ಪ್ರತಿಭಟಿಸಿದರು, ಒಕ್ಕೂಟ ಹಿಂದೆ ಸರಿಯಿತು. 1995ರ ಟೂರ್ ದ ಫ್ರಾನ್ಸ್‌ನಲ್ಲಿ ಇಳಿಜಾರಿನಲ್ಲಿ ಬಿದ್ದು ಇಟಲಿಯ ಫಾಬಿಯೊ ಕಸಾರ್ಟೆಲಿ ಸತ್ತರು. 2003ರ ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಕಜಾಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ಮರುದಿನ ತೀರಿಕೊಂಡರು. ಇಬ್ಬರೂ ಬರಿದಲೆಯಲ್ಲಿದ್ದರು. ಕಿವಿಲೆವ್ ಸಾವಿನ ಬಳಿಕ ಅದೇ ವರ್ಷ ನಿಯಮ ಬಂತು. ಎರಡು ಜೀವ ಹೋದ ಮೇಲೆ ಒಪ್ಪಿದ ಸತ್ಯವನ್ನು ನಾವು ಮತ್ತೆ ಅದೇ ಬೆಲೆ ತೆತ್ತು ಕೊಳ್ಳಬೇಕಿಲ್ಲ.

ಅರ್ಧ ಓದಿದವರ ವಾದ ಇನ್ನೊಂದಿದೆ: ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ, ಸ್ಪರ್ಧೆಯಲ್ಲಿ ಅದರ ಎರಡು ಪಟ್ಟು ವೇಗ ಇರುವಾಗ ಅದರಿಂದೇನು ಪ್ರಯೋಜನ? ಅಂಕಿ ಸರಿ, ತೀರ್ಮಾನ ತಪ್ಪು. ಯುರೋಪಿನ ಇಎನ್ 1078 ಮಾನದಂಡದಲ್ಲಿ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಸಮತಟ್ಟು ಕಬ್ಬಿಣದ ಮೇಲೆ ಬೀಳಿಸುತ್ತಾರೆ. ಸೈಕಲ್ ಮೇಲೆ ಕುಳಿತವನ ತಲೆ ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಅವನು ಪಕ್ಕಕ್ಕೆ ಉರುಳಿದಾಗ ತಲೆ ನೆಲಕ್ಕೆ ಅಪ್ಪಳಿಸುವ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಆ ಎತ್ತರ. ಮುಂದಕ್ಕೆ ಓಡುವ ವೇಗದ ಬಹುಪಾಲು ಜಾರುವುದರಲ್ಲಿ ಕಳೆಯುತ್ತದೆ, ಚರ್ಮವನ್ನು ಕೀಳುವುದೂ ಅದೇ. ಹೀಗಾಗಿ ಸಾಮಾನ್ಯ ಬೀಳುವಿಕೆಯಲ್ಲಿ ಹೆಲ್ಮೆಟ್ ತನ್ನ ಕೆಲಸ ಮಾಡುತ್ತದೆ. 2016ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಲ್ಮೆಟ್ ತೊಟ್ಟವರಲ್ಲಿ ತಲೆಯ ಗಂಭೀರ ಗಾಯದ ಸಾಧ್ಯತೆ ಸುಮಾರು ಶೇ 69ರಷ್ಟು ಕಡಿಮೆ ಇತ್ತು. ಪೂರ್ತಿ ಇಲ್ಲವಾಗಿರಲಿಲ್ಲ. 2011ರ ಜಿರೊ ಡಿ ಇಟಾಲಿಯಾ ಸ್ಪರ್ಧೆಯಲ್ಲಿ ಸತ್ತ ಬೆಲ್ಜಿಯಂನ ವೌಟರ್ ವೇಲಾಂಟ್ ಹೆಲ್ಮೆಟ್ ತೊಟ್ಟೇ ಇದ್ದರು. ಕಂಬಕ್ಕೋ ಗೋಡೆಗೋ ನಿಂತ ಟ್ರ್ಯಾಕ್ಟರಿಗೋ ನೇರ ಗುದ್ದಿದರೆ ಮುಂದಿನ ವೇಗವೆಲ್ಲ ತಲೆಯ ಮೇಲೇ ಬರುತ್ತದೆ. ಅದನ್ನು ತಡೆಯುವ ಸೈಕಲ್ ಹೆಲ್ಮೆಟ್ ಇಲ್ಲ.

"ಹಂಗಿದ್ರ ಬೈಕಿನ ಹೆಲ್ಮೆಟ್ಟೇ ಹಾಕ್ಲಿ, ಐಎಸ್ಐ ಗುರುತಿರತೈತಿ" ಎನ್ನುವ ಹಿರಿಯರ ಕಾಳಜಿ ನಿಜವಾದದ್ದೇ. ಆದರೆ ಆ ಗುರುತು ಮೋಟಾರು ದ್ವಿಚಕ್ರದ ಮಾನದಂಡ ಐಎಸ್ 4151ರದ್ದು. ಆ ಹೆಲ್ಮೆಟ್ ಸಾಮಾನ್ಯವಾಗಿ ಒಂದು ಕಿಲೋಗ್ರಾಂನಷ್ಟು ತೂಗುತ್ತದೆ, ಸೈಕಲ್ಲಿನದ್ದು 300 ಗ್ರಾಂ ಆಸುಪಾಸು. ಮೈಮುರಿದು ತುಳಿಯುವವನ ತಲೆಯ ಶಾಖ ಹೊರಹೋಗಲು ದಾರಿಯಿರದ ಹೆಲ್ಮೆಟ್ ಏಪ್ರಿಲ್ ಬಿಸಿಲಲ್ಲಿ ಬೇರೆಯದೇ ಅಪಾಯ. ಬೇರೆಯವೂ ಆಗವು: ಕ್ರಿಕೆಟ್ ಹೆಲ್ಮೆಟ್ ಇರುವುದು ಚೆಂಡಿಗೆ, ಕಟ್ಟಡದ ಹಳದಿ ಟೋಪಿ ಮೇಲಿಂದ ಬೀಳುವ ವಸ್ತುವಿಗೆ.

ಒಂದೇ ಹೆಲ್ಮೆಟ್ಟನ್ನು ಒಬ್ಬರಾದ ಮೇಲೊಬ್ಬರು ತೊಡುವುದೂ, ಬಿದ್ದದ್ದನ್ನು ಮತ್ತೆ ತೊಡುವುದೂ ನಮ್ಮಲ್ಲಿ ನಡೆದೇ ಇದೆ. ಒಳಗಿರುವುದು ಟಿವಿ ಡಬ್ಬದಲ್ಲಿ ಬರುವ ಥರ್ಮಾಕೋಲ್ ಜಾತಿಯದೇ, ಅದಕ್ಕಿಂತ ಗಟ್ಟಿಯದು. ತಾನು ನುಜ್ಜಾಗಿ ಪೆಟ್ಟನ್ನು ನುಂಗುತ್ತದೆ, ನುಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರೂ ಕಾಣದಿರಬಹುದು, ಜೋರಾಗಿ ಬಡಿದ ಮೇಲೆ ಅದರ ಆಯುಷ್ಯ ಮುಗಿಯಿತು. ಅಳತೆಯೂ ಮುಖ್ಯ: ಹಣೆ ಮುಚ್ಚಬೇಕು, ಗದ್ದದ ಪಟ್ಟಿಯೊಳಗೆ ಎರಡು ಬೆರಳಿಗಿಂತ ಹೆಚ್ಚು ತೂರಬಾರದು.

ಕೈಗವಸು ಅಂಗೈಯ ಚರ್ಮ ಉಳಿಸುತ್ತದೆ. ಬೀಳುವಾಗ ಕೈ ತಾನಾಗಿಯೇ ಮುಂದೆ ಚಾಚುವುದರಿಂದ ಅದು ಸಣ್ಣ ಮಾತಲ್ಲ. ಆದರೆ ಸೈಕಲ್ ಸವಾರರಲ್ಲಿ ಹೆಚ್ಚಾಗಿ ಮುರಿಯುವುದು ಕೊರಳೆಲುಬು, ಅದಕ್ಕೆ ಯಾವ ಕೈಗವಸೂ ಆಗದು.

ಬಟ್ಟೆ ಕಾಯಲಾರದ್ದನ್ನು ರಸ್ತೆ ಕಾಯಬೇಕು, ಅದು ಶರ್ಯತ್ತು ಏರ್ಪಡಿಸುವವರ ಹೊಣೆ. ನಮ್ಮ ಸೀಮೆಯಲ್ಲಿ ಗೋವಿನಜೋಳದ ಸುಗ್ಗಿ ಬಂತೆಂದರೆ ಅರ್ಧ ರಸ್ತೆ ಕಣವಾಗುತ್ತದೆ, ರಾಶಿಯ ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಕಾಳಿನ ಮೇಲೆ ಸಪೂರ ಟೈರು ಜಾರುತ್ತದೆ, ಜಾರಿದವನ ತಲೆ ಆ ಕಲ್ಲಿಗೇ ಹೋಗುತ್ತದೆ. ಸ್ಪರ್ಧೆಯ ಹಿಂದಿನ ದಿನವೇ ರೈತರ ಜೊತೆ ಮಾತಾಡಿ ರಾಶಿ, ಕಲ್ಲು ಎತ್ತಿಸಬೇಕು. ತಿರುವಿನ ಕಂಬಗಳಿಗೆ ಮೇವಿನ ಹೊರೆ ಕಟ್ಟಿಸಬೇಕು. ಬರಿದಲೆಯ ಹುಡುಗನನ್ನು, ಅವನು ಯಾರ ಮಗನೇ ಆಗಿರಲಿ, ಗೆರೆಯ ಮೇಲೆ ನಿಲ್ಲಿಸಬಾರದು.