ರನ್ನನ ಊರಲ್ಲಿ ಕೂತು ‘ಗೀತಾ’ ಕೇಳಿದಾಗ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ರನ್ನ ಬೆಳಗಲಿಯ ರಸ್ತೆಗಳಿಗೆ ಹಗಲು ರಾತ್ರಿ ಎಂಬ ಭೇದವಿರುವುದಿಲ್ಲ. ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಕಾರ್ಖಾನೆಯ ದಿಕ್ಕು ಹಿಡಿದು ಸಾಲುಗಟ್ಟುತ್ತವೆ. ಪ್ರತಿಯೊಂದರ ಮೇಲೂ ಸೌಂಡ್ ಬಾಕ್ಸ್. ಅದರೊಳಗೆ ಬಹುಪಾಲು ಈ ಸೀಮೆಯ ಹೊಸ ಜಾನಪದ ಹಾಡುಗಳೇ. ಆದರೆ ಆ ಸರದಿಯ ನಡುವೆ ಎಲ್ಲಿಂದಲೋ ‘ಸಂತೋಷಕ್ಕೆ’ ಬಂದೇ ಬರುತ್ತದೆ. ಮದುವೆಯ ಮೆರವಣಿಗೆಯಲ್ಲಿ ಅದು ಬೇಕು, ಗಣಪತಿ ಕಳಿಸುವ ರಾತ್ರಿ ಬೇಕು, ಕಾಲೇಜಿನ ಗ್ಯಾದರಿಂಗ್‌ನಲ್ಲಂತೂ ಬೇಕೇ ಬೇಕು. ‘ಸಂತೋಷಕ್ಕೆ ಹಚ್ಚರಿ’ ಅಂದರೆ ಸಾಕು. ಯಾವ ಚಿತ್ರ, ಯಾರ ಸಂಗೀತ ಎಂದು ಯಾರೂ ಕೇಳುವುದಿಲ್ಲ. 1981ರ ಹಾಡು ಅದು. ಇವತ್ತು ಅದಕ್ಕೆ ಕುಣಿಯುವ ಹುಡುಗರ ಅಪ್ಪಂದಿರೇ ಆಗ ಚಿಕ್ಕವರು.

ಒಂದು ಹಾಡು ಇಷ್ಟು ವರ್ಷ ಬಾಳುವುದು ದೊಡ್ಡ ಮಾತು. ಆದರೂ ನನಗೊಂದು ಕೊರಗಿದೆ. ‘ಸಂತೋಷಕ್ಕೆ’ ಒಂಟಿ ಹಾಡಲ್ಲ. ಅದಕ್ಕೆ ಒಡಹುಟ್ಟಿದ ಹಾಡುಗಳಿವೆ, ಹುಟ್ಟಿದ ಮನೆಯಿದೆ, ಆ ಮನೆಯಲ್ಲೊಂದು ಸಾವಿದೆ. ಅದನ್ನು ಮನೆಯಿಂದ ಎತ್ತಿ ತಂದು ಬೀದಿಯಲ್ಲಿ ಕುಣಿಸುತ್ತೇವೆ, ಮಿಕ್ಕವರನ್ನು ಮಾತಾಡಿಸುವುದೇ ಇಲ್ಲ. ಇಡೀ ‘ಗೀತಾ’ ಆಲ್ಬಮ್ಮನ್ನು ಒಂದಾದಮೇಲೊಂದು ಹಾಡಾಗಿ ಕೇಳಿದರೆ ಅದೇ ‘ಸಂತೋಷಕ್ಕೆ’ ಬೇರೆಯದೇ ಹಾಡಾಗುತ್ತದೆ.

ಶಂಕರ್‌ನಾಗ್ ನಿರ್ದೇಶಿಸಿ, ತಾವೇ ನಾಯಕರಾಗಿ ನಟಿಸಿದ ಚಿತ್ರ ‘ಗೀತಾ’. ಸಂಗೀತ ಇಳಯರಾಜಾ, ಸಾಹಿತ್ಯ ಚಿ. ಉದಯಶಂಕರ್. ಹಾಡುಗಾರಿಕೆಯ ಭಾರವನ್ನು ಹೆಚ್ಚುಕಡಿಮೆ ಪೂರ್ತಿ ಹೊತ್ತವರು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಯುಗಳಗೀತೆಗೆ ಎಸ್. ಜಾನಕಿ ಜೊತೆಯಾಗಿದ್ದಾರೆ. ಕಥೆಯ ನಾಯಕ ಹಾಡುಗಾರ. ಅವನು ಮನಸ್ಸು ಕೊಟ್ಟ ಹುಡುಗಿ ಗೀತಾಳಿಗೆ ವಾಸಿಯಾಗದ ಕಾಯಿಲೆ. ಆ ಪಾತ್ರ ಮಾಡಿದವರು ಅಕ್ಷತಾ ರಾವ್. ಇಷ್ಟು ತಿಳಿದುಕೊಂಡು ಕೇಳಲು ಕೂತರೆ ಸಾಕು.

ಆದರೂ ಕೂರುವ ಮುನ್ನ ‘ಸಂತೋಷಕ್ಕೆ’ಯ ಕುಣಿತ ಎಲ್ಲಿಂದ ಬಂತೆಂದು ಒಮ್ಮೆ ನೋಡೋಣ. ಅದು ಬಂದದ್ದು ಡಿಸ್ಕೊದಿಂದ. ಡಿಸ್ಕೊ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಮಿನುಗುವ ಅಂಗಿ, ತಿರುಗುವ ಕನ್ನಡಿ ಗೋಲ, ಮಿಥುನ್ ಚಕ್ರವರ್ತಿಯ ಸೊಂಟ. ಅದರ ಹುಟ್ಟು ಅಷ್ಟು ಹಗುರವಾದದ್ದಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1973ರಲ್ಲಿ ‘ದ ಲವ್ ಐ ಲಾಸ್ಟ್’ ಎಂಬ ಹಾಡು ಬಂತು. ಹೆರಾಲ್ಡ್ ಮೆಲ್ವಿನ್ ಆ್ಯಂಡ್ ದ ಬ್ಲೂ ನೋಟ್ಸ್ ತಂಡದ ಹಾಡು, ಬರೆದವರು ಗ್ಯಾಂಬಲ್ ಮತ್ತು ಹಫ್. ಮೊದಲು ಅದನ್ನು ನಿಧಾನದ ಗೀತೆಯಾಗಿಯೇ ಯೋಚಿಸಿದ್ದರು. ಡ್ರಮ್ಸ್ ನುಡಿಸಿದ ಅರ್ಲ್ ಯಂಗ್ ಅದಕ್ಕೆ ಓಟ ಕೊಟ್ಟರು. ಬಾಸ್ ಡ್ರಮ್ಮಿನ ಪೆಟ್ಟು ಎಲ್ಲೂ ತಪ್ಪದೆ ನಾಲ್ಕೂ ಮಾತ್ರೆಗೆ ಬೀಳುತ್ತದೆ, ನಡುವಿನ ಜಾಗದಲ್ಲಿ ಹೈಹ್ಯಾಟ್ ತಾಳ ಬಾಯಿ ತೆರೆದು ‘ಚ್ಸ್’ ಎನ್ನುತ್ತದೆ. ಡಿಸ್ಕೊದ ನಡಿಗೆ ನಿಂತದ್ದು ಅಲ್ಲಿ ಎಂದು ಬಲ್ಲವರು ಹೇಳುತ್ತಾರೆ. ಆ ಹಾಡಿನ ವಿಷಯವೋ, ಕೈತಪ್ಪಿ ಹೋದ ಪ್ರೀತಿ. ಕಾಲು ಕುಣಿಯುತ್ತಿದೆ, ಗಂಟಲು ಅಳುತ್ತಿದೆ.

ಕರಿಯರ ಇಗರ್ಜಿಗಳಲ್ಲಿ ಹುಟ್ಟಿ ಬೀದಿಗೆ ಬಂದ ಸೋಲ್ ಸಂಗೀತದ ಗುಣವೇ ಅದು, ಡಿಸ್ಕೊಗೆ ರಕ್ತದಲ್ಲಿ ಬಂದದ್ದು ಅದೇ. ಗ್ಲೋರಿಯಾ ಗೇನರ್ 1978ರಲ್ಲಿ ‘ಐ ವಿಲ್ ಸರ್ವೈವ್’ ಹಾಡಿದಾಗ ವೇದಿಕೆಯಲ್ಲಿ ಬಿದ್ದು, ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆನ್ನಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಕಂಪನಿಯವರು ಆ ಹಾಡನ್ನು ತಟ್ಟೆಯ ಹಿಂಬದಿಗೆ ಹಾಕಿದ್ದರು. ಜನ ತಟ್ಟೆ ತಿರುವಿ ಕೇಳಿದರು. ಕ್ಲಬ್ಬುಗಳಲ್ಲಿ ಆ ಹಾಡಿಗೆ ಕುಣಿದವರಲ್ಲಿ ಬಹಳ ಮಂದಿ ಊರಿಗೆ, ಮನೆಗೆ ಬೇಡವಾದವರು. ಅವರಿಗೆ ಕುಣಿತ ಮೋಜಿಗಿಂತ ಹೆಚ್ಚಿನದಾಗಿತ್ತು. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ತಟ್ಟೆಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಹಾರಿಸಿದರು, ಡಿಸ್ಕೊ ಸತ್ತಿತೆಂದು ಸಾರಿದರು. ನಮ್ಮ ಕಡೆ ಅದಾಗ ತಾನೇ ಕಣ್ಣು ಬಿಡುತ್ತಿತ್ತು.

ನಮ್ಮ ಕಡೆ ಎಂದೆ. ಅದು ಸುಮ್ಮನೆ ಅಂದ ಮಾತಲ್ಲ. 1974ರಲ್ಲಿ ಲೋಕವನ್ನೆಲ್ಲ ಕುಣಿಸಿದ ‘ಕುಂಗ್ ಫು ಫೈಟಿಂಗ್’ ಹಾಡಿನ ನಿರ್ಮಾಪಕ ಬಿದ್ದು ಬೆಂಗಳೂರಿನಲ್ಲಿ ಹುಟ್ಟಿದವರು, ಕೊಡವ ಮನೆತನದವರು, ಪೂರ್ಣ ಹೆಸರು ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಗಿಟಾರ್ ಹಿಡಿದು ತಂಡ ಕಟ್ಟಿ, ಆಮೇಲೆ ಇಂಗ್ಲೆಂಡಿನ ದಾರಿ ಹಿಡಿದರು. ಆ ಹಾಡೂ ಮೊದಲು ಹಿಂಬದಿಗೆಂದೇ ಮುದ್ರಿಸಿದ್ದು. ಅದೇ ಬಿದ್ದು 1980ರಲ್ಲಿ ‘ಕುರ್ಬಾನಿ’ಗೆ ನಾಜಿಯಾ ಹಸನ್ ಎಂಬ ಹದಿಹರೆಯದ ಹುಡುಗಿಯ ದನಿಯಲ್ಲಿ ಒಂದು ಹಾಡು ಮಾಡಿಕೊಟ್ಟರು, ಮರುವರ್ಷ ‘ಡಿಸ್ಕೊ ದೀವಾನೆ’ ಆಲ್ಬಂ ತಂದರು. ಅದೇ 1981 ನಮ್ಮ ‘ಗೀತಾ’ಳ ವರ್ಷ.

ಈಗ ಹಾಡಿಗೆ ಬರೋಣ. ನಾನು ಕೇಳುವ ಕ್ರಮದಲ್ಲಿ ಮೊದಲನೆಯದು ‘ಸಂತೋಷಕ್ಕೆ’. ಚಿತ್ರದಲ್ಲಿ ಇದು ವೇದಿಕೆಯ ಹಾಡು, ಎದುರಿಗೆ ಜನ. ಶುದ್ಧ ಡಿಸ್ಕೊ ಎಂದರೆ ತಪ್ಪಾದೀತು. ಡಿಸ್ಕೊದ ಕುಣಿತದೊಳಗೆ ರಾಕ್‌ನ ಗದ್ದಲವನ್ನು ಇಳಯರಾಜಾ ಬೆರೆಸಿದ್ದಾರೆ. ಟ್ರ್ಯಾಕ್ಟರಿನ ಡಬ್ಬಿಯಲ್ಲಿ ನಿಮಗೆ ಕೇಳುವುದು ಡ್ರಮ್ಸ್ ಮತ್ತು ಕೂಗು. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಬೇಸ್ ಗಿಟಾರನ್ನಷ್ಟೇ ಹಿಂಬಾಲಿಸಿ. ಅದು ತಾಳಕ್ಕೆ ತಲೆದೂಗುತ್ತ ಒಂದೇ ಕಡೆ ನಿಲ್ಲುವುದಿಲ್ಲ, ಹಾಡಿನ ಕೆಳಗೆ ತನ್ನದೇ ಇನ್ನೊಂದು ರಾಗ ಕಟ್ಟುತ್ತ ಓಡುತ್ತದೆ. ಇಳಯರಾಜಾ ಎಂದರೆ ಇದೇ: ಯಾರೂ ಗಮನಿಸದ ಮೂಲೆಯಲ್ಲೂ ಪೂರ್ತಿ ದುಡಿದಿರುತ್ತಾರೆ.

ಮೇಲೆ ಎಸ್‌ಪಿಬಿ. ಆ ದನಿಯಲ್ಲಿ ಎಷ್ಟು ನಗು! 1967ರ ‘ನಕ್ಕರೆ ಅದೇ ಸ್ವರ್ಗ’ದಲ್ಲಿ ಕನ್ನಡಕ್ಕೆ ಬಂದ ಗಾಯಕ ಇಲ್ಲಿ ಹಾಡನ್ನೇ ನಗಿಸಿಬಿಟ್ಟಿದ್ದಾರೆ. ಪಲ್ಲವಿಯ ಒತ್ತಕ್ಷರ ಪೆಟ್ಟಿನ ಮೇಲೆ ಬೀಳುವಂತೆ ಹೇಗೆ ಕುಟ್ಟುತ್ತಾರೆ, ಮರುಕ್ಷಣ ಹೇಗೆ ಸಡಿಲ ಬಿಡುತ್ತಾರೆ ಕೇಳಿ. ಕನ್ನಡ ಪಾಶ್ಚಾತ್ಯ ತಾಳಕ್ಕೆ ಒಗ್ಗದು ಎನ್ನುವವರಿಗೆ ಈ ಹಾಡಿನಷ್ಟು ನೇರ ಉತ್ತರ ಇನ್ನೊಂದಿಲ್ಲ. ಉದಯಶಂಕರ್ ದೊಡ್ಡ ಮಾತು ಒಂದನ್ನೂ ಆಡಿಲ್ಲ, ಬಾಯಿಗೆ ಬರುವ ಮಾತನ್ನೇ ತಾಳಕ್ಕೆ ಕೂರಿಸಿದ್ದಾರೆ.

ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ಬೆಳೆದವರಿಗೆ ತಪ್ಪದ ಪೆಟ್ಟೆಂದರೇನೆಂದು ವಿವರಿಸಬೇಕಾಗಿಲ್ಲ. ಲಾಳಿ ಆಚೆಯಿಂದೀಚೆ ಹೊಡೆಯುವ ಸದ್ದು ದಿನವಿಡೀ ಕಿವಿಯಲ್ಲಿರುತ್ತದೆ. ಅದರ ಮೇಲೆ ಕೇಳಬೇಕಾದರೆ ಹಾಡಿಗೂ ಅಂಥದೇ ಗಟ್ಟಿ ಬೆನ್ನೆಲುಬು ಬೇಕು. ಮೂಲೆಯ ಹಲಗೆಯ ಮೇಲೆ, ಹತ್ತಿಯ ಧೂಳು ಕೂರದಂತೆ ಸೀರೆಯ ತುಂಡು ಹೊದ್ದುಕೊಂಡು ಕೂತ ಟೇಪ್‌ರೆಕಾರ್ಡರ್. ಮಗ್ಗದ ಮುಂದೆ ನಿಂತವರು ಕೈ ನಿಲ್ಲಿಸುವಂತಿಲ್ಲ, ಕಾಲು ಮಾತ್ರ ತಾಳ ಹಾಕುತ್ತಿತ್ತು. ಈ ಸೀಮೆಗೆ ‘ಸಂತೋಷಕ್ಕೆ’ ಹೊರಗಿನದು ಅನ್ನಿಸದಿರಲು ಇದೂ ಒಂದು ಕಾರಣ ಎಂದು ನಂಬಿದ್ದೇನೆ.

ಎರಡನೆಯದು ‘ಜೊತೆಯಲಿ’. ಗದ್ದಲ ಅಡಗಿ ಇಬ್ಬರೇ ಉಳಿಯುತ್ತಾರೆ. ಒಂದೇ ಪದ ಮತ್ತೆ ಮತ್ತೆ ಬರುತ್ತದೆ, ರಾಗ ಪ್ರತಿಸಲವೂ ಒಂದೆರಡು ಹೆಜ್ಜೆ ಮುಂದಿಡುತ್ತದೆ. ಜಾನಕಿಯಮ್ಮನ ದನಿ ಸೇರಿದಾಗ ಹಾಡಿಗೆ ಬೆಳಕು ಬೀಳುತ್ತದೆ. ಈ ರಾಗವನ್ನು ಇಳಯರಾಜಾ ತಾವೇ ಬಿಡಲಾರದೆ ಹೋದರು: 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ, 1996ರಲ್ಲಿ ಹಿಂದಿಯ ‘ಔರ್ ಏಕ್ ಪ್ರೇಮ್ ಕಹಾನಿ’ಗೆ, 2007ರಲ್ಲಿ ಅಮಿತಾಭ್ ಬಚ್ಚನ್, ತಬು ನಟಿಸಿದ ‘ಚೀನಿ ಕಮ್’ಗೆ ಶ್ರೇಯಾ ಘೋಷಾಲ್ ಕಂಠದಲ್ಲಿ ಮತ್ತೆ ಬಂತು. ಇಡೀ ದೇಶ ಸುತ್ತಿದ ಆ ರಾಗ ಮೊದಲು ಮಾತಾಡಿದ್ದು ಕನ್ನಡದಲ್ಲಿ. ನಾನು ಎಲ್ಲವನ್ನೂ ಕೇಳಿದ್ದೇನೆ. ಮೊದಲನೆಯದರ ನಿಷ್ಕಪಟ ಉತ್ಸಾಹ ಮತ್ತೆ ಯಾವುದರಲ್ಲೂ ಸಿಗಲಿಲ್ಲ. ಆದರೆ ಕಥೆ ಗೊತ್ತಿದ್ದವರ ಎದೆಗೆ ಇಲ್ಲೇ ಮೊದಲ ಮುಳ್ಳು ತಾಕುತ್ತದೆ. ಸದಾ ಜೊತೆಗಿರುತ್ತೇನೆ ಎಂದು ಮಾತು ಕೊಡುತ್ತಿರುವವರಲ್ಲಿ ಒಬ್ಬಳಿಗೆ ಆಯಸ್ಸಿಲ್ಲ.

ಮುಂದಿನ ಎರಡು ಹಾಡು, ‘ಏನೇ ಕೇಳು’ ಮತ್ತು ‘ನನ್ನ ಜೀವ ನೀನು’. ಸಂಗೀತದ ದೃಷ್ಟಿಯಿಂದ ಇವು ಮೊದಲ ಎರಡರ ಎತ್ತರಕ್ಕೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ದಾಟಿಸಿ ಮುಂದೆ ಹೋಗಬೇಡಿ. ಏನು ಕೇಳಿದರೂ ಕೊಡುತ್ತೇನೆ ಎಂದು ಒಬ್ಬ ಹಾಡುತ್ತಾನೆ. ಅವಳಿಗೆ ಬೇಕಾದದ್ದು ಅವನ ಕೈಯಲ್ಲಿಲ್ಲ. ನೀನೇ ನನ್ನ ಜೀವ ಎನ್ನುತ್ತಾನೆ; ಹೋಗುತ್ತಿರುವುದು ಆ ಜೀವವೇ. ಹಗುರವಾದ ಪ್ರೇಮದ ಮಾತುಗಳೆಲ್ಲ ಹೀಗೆ ಒಂದೊಂದಾಗಿ ಭಾರವಾಗುತ್ತ ಹೋಗುವುದು ಸಾಲಾಗಿ ಕೇಳಿದಾಗ ಮಾತ್ರ.

ಸಂಭ್ರಮದ ನಡುವೆ ದುಃಖವನ್ನು ನಿಲ್ಲಿಸುವುದು ಈ ನೆಲಕ್ಕೆ ಹೊಸದಲ್ಲ. ಪಕ್ಕದ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸ್ ಸಂಗೀತಕ್ಕೆ ಒಂದು ದೀಪಾವಳಿಯ ಹಾಡು ಹಾಡಿದ್ದಾರೆ. ಊರ ಮನೆಮನೆಯಲ್ಲಿ ದೀಪ ಹಚ್ಚಿದ್ದಾರೆ, ಹಾಡುವವಳ ಮನೆ ಮಾತ್ರ ಕತ್ತಲು. ಲತಾ ಮಂಗೇಶ್ಕರ್ ಬರುವ ಮುಂಚಿನ ಮುಂಬಯಿ ಚಿತ್ರರಂಗದ ದೊಡ್ಡ ದನಿಗಳಲ್ಲೊಂದು ನಮ್ಮ ಬೀಳಗಿಯದು ಎಂಬುದನ್ನು ಇಲ್ಲಿನ ಮಕ್ಕಳಿಗೆ ಶಾಲೆಯಲ್ಲೇ ಕೇಳಿಸಬೇಕು.

ಇನ್ನು ಬೆಳಗಲಿಯವನೇ ಆದ ರನ್ನ. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿ ಚಾಲುಕ್ಯ ಚಕ್ರವರ್ತಿಯ ಆಸ್ಥಾನದವರೆಗೆ ಹೋದವನು. ತನ್ನ ಒಡೆಯ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ, ಅವನ ಪರಾಕ್ರಮ ಹಾಡಲು ‘ಗದಾಯುದ್ಧ’ ಬರೆದ. ಗೆಲುವಿನ ಕಾವ್ಯ, ವೀರದ ಕಾವ್ಯ. ಆದರೆ ಅದನ್ನು ಓದಿದವರಿಗೆ ಮೊದಲು ನೆನಪಾಗುವುದು ಯಾವುದು? ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣರ ಮುಂದೆ ನಿಂತು ಅಳುವ ದುರ್ಯೋಧನ. ವೈರಿಯ ಮಗನ ಶೌರ್ಯಕ್ಕೂ ಕೈಮುಗಿಯುವ ದುರ್ಯೋಧನ. ಅಬ್ಬರದ ನಟ್ಟನಡುವೆ ಅಷ್ಟು ದೊಡ್ಡ ಅಳುವಿಗೆ ಜಾಗ ಮಾಡಿದ ಕವಿಯ ಊರಿನವರಿಗೆ ‘ಗೀತಾ’ದ ಕಟ್ಟೋಣ ಬೇಗ ಅರ್ಥವಾಗಬೇಕು.

ಏಕೆಂದರೆ ಕೊನೆಯ ಹಾಡು ‘ಕೇಳದೆ ನಿಮಗೀಗ’. ಅದೇ ಗಾಯಕ, ಅದೇ ಕಂಠ. ಮೊದಲ ಹಾಡಿನಲ್ಲಿ ಜನರನ್ನು ಕೂಗಿ ಕುಣಿಸಿದವನು ಇಲ್ಲಿ ದೂರದಲ್ಲಿ ಯಾರೋ ಹಾಡುತ್ತಿರುವುದು ನಿಮಗೆ ಕೇಳಿಸುತ್ತಿಲ್ಲವೇ ಎಂದು ಕೇಳುತ್ತಾನೆ. ಎಸ್‌ಪಿಬಿ ಎಲ್ಲೂ ಬಿಕ್ಕುವುದಿಲ್ಲ. ಅಳುವ ಹಾಡಿನಲ್ಲಿ ಅಳದೆ ಹಾಡುವುದು ಎಷ್ಟು ಕಷ್ಟ ಎಂಬುದು ಹಾಡಿ ನೋಡಿದವರಿಗೆ ಗೊತ್ತು. ದನಿಯನ್ನು ಚಾಚುವ ಕಡೆ ಚಾಚಿ, ಸಾಲಿನ ಕೊನೆಯಲ್ಲಿ ಮೆಲ್ಲನೆ ಇಳಿಸುತ್ತಾರೆ, ಅಷ್ಟೇ. ಇದನ್ನು ಕೇಳಿ ಮುಗಿಸಿ ಮತ್ತೆ ‘ಸಂತೋಷಕ್ಕೆ’ಗೆ ಹೋಗಿ ನೋಡಿ. ಆ ಅಬ್ಬರದಲ್ಲಿ ಈಗ ಒಂದು ಆತುರ ಕೇಳುತ್ತದೆ, ಸಮಯ ಕಡಿಮೆ ಇದೆ ಎಂಬ ಆತುರ. ಫಿಲಡೆಲ್ಫಿಯಾದಲ್ಲಿ ಅರ್ಲ್ ಯಂಗ್ ಕಳೆದುಹೋದ ಪ್ರೀತಿಯ ಹಾಡಿಗೆ ಕುಣಿತದ ಪೆಟ್ಟು ಹಾಕಿದಾಗ ಇದ್ದದ್ದೂ ಅದೇ ಆತುರವಿರಬೇಕು.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ 36 ತುಂಬಿರಲಿಲ್ಲ. ಎಸ್‌ಪಿಬಿ ಹೋದದ್ದು 2020ರ ಸೆಪ್ಟೆಂಬರ್ 25ರಂದು. ನಮ್ಮ ಆಟೊಗಳ ಬೆನ್ನ ಮೇಲೆ ಶಂಕರ್‌ನಾಗ್ ಚಿತ್ರ ಇನ್ನೂ ಇದೆ, ಅಭಿಮಾನಕ್ಕೆ ಕೊರತೆ ಎಂದೂ ಆಗಿಲ್ಲ. ಆದರೆ ಪ್ರತಿ ಸೆಪ್ಟೆಂಬರ್‌ನಲ್ಲಿ ಹಾರ ಹಾಕಿ ‘ಸಂತೋಷಕ್ಕೆ’ ಒಂದನ್ನೇ ಹಚ್ಚಿ ಮುಗಿಸುವ ಮಂಡಳಿಗಳಿಗೆ ನನ್ನದೊಂದು ಕೋರಿಕೆ: ಪೂರ್ತಿ ‘ಗೀತಾ’ ಹಚ್ಚಿ, ಅರ್ಧ ತಾಸೂ ಹಿಡಿಯುವುದಿಲ್ಲ. ಡಿಜೆ ಹುಡುಗರಿಗೂ ಒಂದು ಮಾತು. ಬೇಸ್ ಹೆಚ್ಚಿಸುವ ಭರದಲ್ಲಿ ಗಾಯಕನ ದನಿಯನ್ನೇ ಮುಳುಗಿಸಿ, ನಡುವಿನ ವಾದ್ಯಭಾಗ ಕತ್ತರಿಸಿದ ರೀಮಿಕ್ಸ್‌ಗಳನ್ನು ಬಿಟ್ಟುಬಿಡಿ. ಮೂಲ ಧ್ವನಿಮುದ್ರಣವೇ ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಬೇಕಾದ ಬೇಸನ್ನು ಇಳಯರಾಜಾ ಆಗಲೇ ಹಾಕಿಟ್ಟಿದ್ದಾರೆ.