ಕರ್ನೆಲಿಗೆ ಬುತ್ತಿ ಬೇಕೆ?

ಲಿನಕ್ಸ್ ಬಳಸತಕ್ಕವರಲ್ಲಿ ಕೆಲವರಿಗೆ, ತಮ್ಮ ಯಂತ್ರಕ್ಕೆ ಒಪ್ಪುವ ಕರ್ನೆಲನ್ನು ತಾವೇ ಕಟ್ಟಿಕೊಳ್ಳಬೇಕೆಂಬ ಹಂಬಲ ಒಂದಲ್ಲ ಒಂದು ದಿನ ಹುಟ್ಟುತ್ತದೆ. ನೀವೂ ಅವರಲ್ಲೊಬ್ಬರಾಗಿದ್ದರೆ ಈ ಪ್ರಶ್ನೆ ಎದುರಾಗದೆ ಇರದು: ಕರ್ನೆಲಿನ ಜೊತೆಗೆ ಆರಂಭದ ರ‍್ಯಾಮ್‌ಡಿಸ್ಕ್ ಎಂಬುದೊಂದು ಬೇಕೇ ಬೇಕೆ?

ಅದು ಬಂದ ಕಾರಣವನ್ನು ಮೊದಲು ನೋಡೋಣ. ಯಂತ್ರದ ಗುಂಡಿ ಒತ್ತಿದ ಮೇಲೆ ಬೂಟ್‌ಲೋಡರ್ ಕರ್ನೆಲನ್ನು ಸ್ಮೃತಿಗೆ ತಂದಿಳಿಸಿ ಅಧಿಕಾರವನ್ನು ಅದರ ಕೈಗೊಪ್ಪಿಸುತ್ತದೆ. ಕರ್ನೆಲ್ ಆಗ ಮೂಲ ಕಡತವ್ಯವಸ್ಥೆಯಿರುವ ಡಿಸ್ಕನ್ನು ತೆರೆಯಬೇಕು. ತೆರೆಯಲು ಆ ಡಿಸ್ಕಿನ ಡ್ರೈವರ್ ಬೇಕು. ಡ್ರೈವರ್ ಮಾಡ್ಯೂಲಿನ ರೂಪದಲ್ಲಿ ಅದೇ ಡಿಸ್ಕಿನೊಳಗೆ ಕುಳಿತಿದ್ದರೆ? ಬೀಗದ ಕೈಯನ್ನು ಉಗ್ರಾಣದೊಳಗಿಟ್ಟು ಹೊರಗಿನಿಂದ ಬೀಗ ಹಾಕಿದಂತಾಯಿತು.

ಈ ತೊಡಕಿಗೆ ಪರಿಹಾರವಾಗಿ 1990ರ ದಶಕದಲ್ಲಿ ಇನಿಟ್‌ಆರ್‌ಡಿ ಬಂತು. 2003ರ ಡಿಸೆಂಬರಿನಲ್ಲಿ ಹೊರಬಂದ 2.6ರ ಕರ್ನೆಲಿನೊಡನೆ ಇನಿಟ್‌ರಾಮ್‌ಎಫ್‌ಎಸ್ ಬಂದು ಕ್ರಮೇಣ ಅದರ ಸ್ಥಾನವನ್ನು ಹಿಡಿಯಿತು. ಇದು ಊರು ಸೇರುವವರೆಗಿನ ಬುತ್ತಿಗಂಟು. ಕರ್ನೆಲ್ ಗಂಟನ್ನು ಸ್ಮೃತಿಯಲ್ಲೇ ಬಿಚ್ಚಿ, ಅದರಲ್ಲಿರುವ ಇನಿಟ್ ಎಂಬ ಕಾರ್ಯಕ್ರಮವನ್ನು ನಡೆಸುತ್ತದೆ. ಅದು ಬೇಕಾದ ಡ್ರೈವರುಗಳನ್ನು ಸೇರಿಸಿಕೊಂಡು ನಿಜವಾದ ಡಿಸ್ಕನ್ನು ತೆರೆದು ಪಕ್ಕಕ್ಕೆ ಸರಿಯುತ್ತದೆ. ಕರ್ನೆಲನ್ನು ಎಲ್ಲರಿಗೂ ಹಂಚುವವರಿಗೆ ನಿಮ್ಮ ಮನೆಯ ಡಿಸ್ಕು ಯಾವುದೆಂದು ತಿಳಿಯದು. ಅವರಿಗೆ ಬುತ್ತಿ ಅನಿವಾರ್ಯ. ನಿಮಗೆ ತಿಳಿದಿದೆಯಲ್ಲ!

ಆದುದರಿಂದ ಡಿಸ್ಕಿನ ಡ್ರೈವರನ್ನೂ ಎಕ್ಸ್‌ಟಿ4 ಮುಂತಾದ ಕಡತವ್ಯವಸ್ಥೆಯನ್ನೂ ಮಾಡ್ಯೂಲಾಗಿಸದೆ ಕರ್ನೆಲಿನೊಳಕ್ಕೇ ಸೇರಿಸಿದರೆ, ಸಾಧಾರಣ ಯಂತ್ರಕ್ಕೆ ಬುತ್ತಿ ಬೇಡ. ಆದರೆ ‘ಡಿಸ್ಕಿನ ಡ್ರೈವರ್’ ಎಂದರೆ ಒಂದೇ ಅಲ್ಲ. ನಾನೊಮ್ಮೆ ಸಾಟಾ ಡಿಸ್ಕಿಗೆಂದು ಎಎಚ್‌ಸಿಐ ಡ್ರೈವರನ್ನು ಒಳಗೆ ಸೇರಿಸಿ, ಸ್ಕಸಿ ಡಿಸ್ಕ್ ಎಂಬುದನ್ನು ನನ್ನಲ್ಲಿಲ್ಲದ ವಸ್ತುವೆಂದು ಹೊರಗಿಟ್ಟೆ. ಲಿನಕ್ಸಿನಲ್ಲಿ ಸಾಟಾ ಡಿಸ್ಕೂ ಅದರ ಮೂಲಕವೇ ಕಾಣಬೇಕು! ಮೂಲ ಕಡತವ್ಯವಸ್ಥೆ ಸಿಗಲಿಲ್ಲವೆಂಬ ಒಂದು ಸಾಲು ಬರೆದು ಯಂತ್ರ ನಿಂತುಬಿಟ್ಟಿತು. ಮರುದಿನ ಕಳಿಸಬೇಕಾಗಿದ್ದ ಬರಹವೆಲ್ಲ ಅದರೊಳಗೇ ಇತ್ತು.

ಡ್ರೈವರುಗಳೆಲ್ಲ ಸರಿಯಿದ್ದರೂ ಎಡವುವ ಜಾಗ ಇನ್ನೊಂದಿದೆ. ಬೂಟ್‌ಲೋಡರಿನ ಸಾಲಿನಲ್ಲಿ ಮೂಲ ಡಿಸ್ಕನ್ನು ಕಡತವ್ಯವಸ್ಥೆಯ ಯುಯುಐಡಿಯಿಂದ ಹೆಸರಿಸಿದ್ದರೆ, ಅದನ್ನು ಓದಿ ಡಿಸ್ಕನ್ನು ಹುಡುಕಿಕೊಡುತ್ತಿದ್ದುದು ಬುತ್ತಿಯೊಳಗಿನ ಕಾರ್ಯಕ್ರಮವೇ. ಬರಿಯ ಕರ್ನೆಲಿಗೆ ವಿಭಾಗದ ಗುರುತಾದ ಪಾರ್ಟ್‌ಯುಯುಐಡಿ ಅಥವಾ ಸಾಧನದ ಹೆಸರು ತಿಳಿಯುತ್ತದೆ, ಇದು ತಿಳಿಯದು. ಯುಎಸ್‌ಬಿ ಡಿಸ್ಕಾದರೆ ‘ರೂಟ್‌ವೇಟ್’ ಎಂದೂ ಸೇರಿಸಿರಿ; ಅದು ಕಾಣಿಸಿಕೊಳ್ಳಲು ಕೊಂಚ ಹೊತ್ತು ಬೇಕು.

ಡಿಸ್ಕಿಗೆ ಗೂಢಲಿಪಿಯ ಬೀಗವಿದೆಯೆ? ಹಾಗಾದರೆ ಬುತ್ತಿಯನ್ನು ಬಿಡಬೇಡಿ. ಗುಪ್ತಪದವನ್ನು ಕೇಳಲು ಅಲ್ಲಿ ಯಾರಾದರೂ ಇರಬೇಕಷ್ಟೆ. ಎಲ್‌ವಿಎಮ್ ಮೇಲೆ ಮೂಲ ವ್ಯವಸ್ಥೆಯನ್ನಿಟ್ಟವರಿಗೂ ಇದೇ ಮಾತು. ಇನ್ನು ಸಂಸ್ಕಾರಕದ ಮೈಕ್ರೋಕೋಡ್ ತಿದ್ದುಪಡಿ ಸಾಮಾನ್ಯವಾಗಿ ಬರುವುದೂ ಈ ಗಂಟಿನ ಜೊತೆಗೇ. ಗಂಟು ಬಿಟ್ಟರೆ ಅದನ್ನು ಕರ್ನೆಲಿನೊಳಗೆ ಸೇರಿಸುವುದನ್ನು ಮರೆಯಬಾರದು.

ಇಷ್ಟೆಲ್ಲ ಮಾಡಿ ಉಳಿಯುವ ವೇಳೆ, ನಿಜ ಹೇಳಬೇಕೆಂದರೆ, ಬಹಳವೇನಲ್ಲ. ಆದರೂ ಮನಸ್ಸಾದರೆ ಮಾಡಿ ನೋಡಿ. ಮೊದಲು ‘ಎಲ್‌ಎಸ್‌ಮಾಡ್’ ಆಜ್ಞೆಯಿಂದ ಈಗ ಯಾವ ಮಾಡ್ಯೂಲುಗಳು ನಡೆಯುತ್ತಿವೆಯೆಂದು ಬರೆದಿಟ್ಟುಕೊಳ್ಳಿ. ಹಳೆಯ ಕರ್ನೆಲನ್ನೂ ಅದರ ಬುತ್ತಿಯನ್ನೂ ಬೂಟ್ ಪಟ್ಟಿಯಿಂದ ಅಳಿಸಬೇಡಿ. ಆ ರಾತ್ರಿ ನನ್ನ ಬರಹ ಹೊರಬಂದದ್ದು ಹಳೆಯ ಕರ್ನೆಲಿನ ಬಾಗಿಲಿನಿಂದಲೇ.