ನಾಲ್ಕು ಮೊಳ ದಾರಿ ಕಂಡರೆ ಸಾಕು

ಬರೆದು ಮುಗಿಸಿದ ಪ್ರಬಂಧವನ್ನು ಮತ್ತೆ ಮತ್ತೆ ತಿದ್ದುತ್ತ ಸಲ್ಲಿಸುವ ದಿನವನ್ನೇ ಕಳೆದುಕೊಳ್ಳುವ ವಿದ್ಯಾರ್ಥಿ, ಇನ್ನೊಂದು ತರಬೇತಿ ಮುಗಿಯಲಿ ಎಂದು ಉದ್ಯೋಗದ ಅರ್ಜಿಯನ್ನು ವರ್ಷಗಟ್ಟಲೆ ಮುಂದೂಡುವ ಪದವೀಧರೆ, ಲಾಭನಷ್ಟದ ಲೆಕ್ಕ ಖಚಿತವಾಗದೆ ಹೊಸ ವ್ಯಾಪಾರಕ್ಕೆ ಕೈಹಾಕಲಾರದ ವರ್ತಕ. ಇವರೆಲ್ಲರ ಮನಸ್ಸಿನಲ್ಲಿ ಇರುವುದು ಒಂದೇ ಮಾತು: ‘ಮೊದಲು ಎಲ್ಲವೂ ಸ್ಪಷ್ಟವಾಗಲಿ, ಆಮೇಲೆ ಹೆಜ್ಜೆ ಇಡೋಣ.’ ಹೊರನೋಟಕ್ಕೆ ಇದು ಶ್ರದ್ಧೆಯಂತೆ ತೋರುತ್ತದೆ. ಸುತ್ತಲಿನವರು ಅಚ್ಚುಕಟ್ಟುತನವೆಂದು ಹೊಗಳುವುದೂ ಉಂಟು. ಆಯುಷ್ಯವಾದರೋ ಯಾರ ಸಿದ್ಧತೆಗೂ ಕಾಯುವುದಿಲ್ಲ. ತಪ್ಪಾದೀತೆಂಬ ಅಂಜಿಕೆಯಲ್ಲಿ ಮಾಡದೇ ಉಳಿದ ಕೆಲಸಗಳೇ ಕೊನೆಗೆ ಬಾಳಿನ ದೊಡ್ಡ ಹೊರೆಯಾಗುತ್ತವೆ.

ಜೈನ ದರ್ಶನವು ಪೂರ್ಣತೆಯನ್ನು ಅಲ್ಲಗಳೆಯುವುದಿಲ್ಲ. ಲೋಕದ ಸಮಸ್ತ ದ್ರವ್ಯಗಳನ್ನೂ ಅವುಗಳ ಎಲ್ಲ ಪರ್ಯಾಯಗಳನ್ನೂ ಏಕಕಾಲದಲ್ಲಿ ಅರಿಯುವ ಕೇವಲಜ್ಞಾನವೇ ಅದು ತೋರುವ ಗುರಿ. ಆದರೆ ಆ ಅರಿವು ಎಲ್ಲಿ ಉದಯಿಸುತ್ತದೆ ಎಂಬುದು ಗಮನಾರ್ಹ. ಆತ್ಮದ ಏಳಿಗೆಯನ್ನು ಶಾಸ್ತ್ರಕಾರರು 14 ಗುಣಸ್ಥಾನಗಳಾಗಿ ವಿವರಿಸಿದ್ದಾರೆ. ಕೇವಲಜ್ಞಾನ ಬೆಳಗುವುದು 13ನೆಯ ಮೆಟ್ಟಿಲಿನಲ್ಲಿ. 12ನೆಯದರವರೆಗೂ ಜೀವನು ಛದ್ಮಸ್ಥನೇ. ಅಂದರೆ ಅವನ ಅರಿವಿನ ಮೇಲೆ ಆವರಣ ಇದ್ದೇ ಇರುತ್ತದೆ. ವ್ರತ, ತಪಸ್ಸು, ಧ್ಯಾನ, ದಾನ, ಸ್ವಾಧ್ಯಾಯ ಎಂದು ಕರೆಯಲಾಗುವ ಸಾಧನೆಯೆಲ್ಲ ಈ ಅಪೂರ್ಣ ಅರಿವಿನಲ್ಲಿಯೇ ನಡೆಯಬೇಕಾದದ್ದು. ಎಲ್ಲವನ್ನೂ ತಿಳಿದ ಮೇಲೆಯೇ ಹೊರಡುತ್ತೇನೆ ಎಂದವನಿಗೆ ಈ ಸೋಪಾನದಲ್ಲಿ ಮೊದಲ ಮೆಟ್ಟಿಲೂ ದೊರೆಯದು.

ಭಗವಾನ್ ಮಹಾವೀರರ ಜೀವನವೇ ಇದಕ್ಕೆ ಸಾಕ್ಷಿ. 30ನೆಯ ವಯಸ್ಸಿನಲ್ಲಿ ಮನೆ ತೊರೆದ ಅವರಿಗೆ ಕೇವಲಜ್ಞಾನ ದೊರೆತದ್ದು 42ನೆಯ ವಯಸ್ಸಿನಲ್ಲಿ, ಋಜುಕೂಲಾ ನದಿಯ ತೀರದಲ್ಲಿ. ನಡುವಣ 12 ವರ್ಷಗಳ ಕಾಲ ತೀರ್ಥಂಕರರೂ ಛದ್ಮಸ್ಥರಾಗಿಯೇ ನಡೆದರು, ಉಪವಾಸವಿದ್ದರು, ಮೌನವಾಗಿ ಉಪಸರ್ಗಗಳನ್ನು ಸಹಿಸಿದರು. ಪೂರ್ಣಜ್ಞಾನವು ಆ ನಡಿಗೆಯ ಫಲವೇ ಹೊರತು ನಡಿಗೆಗೆ ಮೊದಲು ಒಪ್ಪಿಸಬೇಕಾದ ಶುಲ್ಕವಾಗಿರಲಿಲ್ಲ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 10ನೆಯ ಅಧ್ಯಾಯದ ಮೊದಲ ಸೂತ್ರವು ಕೇವಲಜ್ಞಾನದ ಕ್ರಮವನ್ನು ತಿಳಿಸುತ್ತದೆ. ಮೊದಲು ಮೋಹನೀಯ ಕರ್ಮ ಕ್ಷಯವಾಗಬೇಕು. ಅನಂತರವೇ ಜ್ಞಾನಾವರಣ, ದರ್ಶನಾವರಣ ಮತ್ತು ಅಂತರಾಯ ಕರ್ಮಗಳು ಕಳಚುತ್ತವೆ. ಭಯವು ಸೇರಿರುವುದು ಮೋಹನೀಯದ ಕುಟುಂಬಕ್ಕೆ. ಹಾಸ್ಯ, ರತಿ, ಅರತಿ, ಶೋಕ ಮೊದಲಾದ ಒಂಬತ್ತು ನೋಕಷಾಯಗಳಲ್ಲಿ ಅದೂ ಒಂದು. ಭಯ ನೀಗಬೇಕಾದರೆ ಎಲ್ಲವೂ ತಿಳಿದಿರಬೇಕೆಂದು ಲೋಕ ಭಾವಿಸುತ್ತದೆ. ಎಲ್ಲವೂ ತಿಳಿಯಬೇಕಾದರೆ ಮೊದಲು ಭಯ ನೀಗಬೇಕೆಂದು ಶಾಸ್ತ್ರ ಹೇಳುತ್ತದೆ. ಉದ್ಯೋಗ ಉಳಿದೀತೇ, ವಿವಾಹ ಸುಖವಾಗಿದ್ದೀತೇ, ಆರೋಗ್ಯ ಕೈಕೊಟ್ಟೀತೇ ಎಂಬ ಪ್ರಶ್ನೆಗಳಿಗೆ ಖಚಿತ ಉತ್ತರ ಹುಡುಕಿ ನೆಮ್ಮದಿ ಪಡೆಯಲು ಹೊರಟವನು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿರುತ್ತಾನೆ.

ಜೈನಾಚಾರ್ಯರು ಎಣಿಸಿದ ಏಳು ಭಯಗಳಲ್ಲಿ ‘ಆಕಸ್ಮಿಕ ಭಯ’ವೆಂಬುದು ಒಂದು. ಏನಾದೀತೋ, ಯಾವಾಗ ಎರಗೀತೋ ಎಂಬ ಅಂಜಿಕೆಯದು. ಇಂದು ಅನಿಶ್ಚಿತತೆಯ ಭಯವೆಂದು ಕರೆಯುವುದಕ್ಕೆ ಪ್ರಾಚೀನರು ಇಟ್ಟ ಹೆಸರು ಇದೇ. ಸಮ್ಯಗ್ದೃಷ್ಟಿಯುಳ್ಳವನು ಶಂಕೆಯಿಲ್ಲದವನು, ಆದ್ದರಿಂದಲೇ ಈ ಏಳೂ ಭಯಗಳಿಂದ ಮುಕ್ತನು ಎಂಬುದು ಕುಂದಕುಂದಾಚಾರ್ಯರ ಸಮಯಸಾರದ ನಿಲುವು. ಮುಂದೇನಾಗುವುದೆಂದು ಬಲ್ಲವನಾದುದರಿಂದ ಅವನು ನಿರ್ಭಯನಲ್ಲ. ತನ್ನ ಜ್ಞಾನಸ್ವರೂಪವನ್ನು ಯಾವ ಆಕಸ್ಮಿಕವೂ ಕಸಿದುಕೊಳ್ಳಲಾರದೆಂಬ ನಂಬಿಕೆಯೇ ಅವನ ಬಲ. ಹುದ್ದೆ, ಅಂಕ, ಹೆಸರು ಇವೆಲ್ಲ ಪರ್ಯಾಯಗಳು, ಬರುತ್ತವೆ, ಹೋಗುತ್ತವೆ. ಅವುಗಳ ಏರಿಳಿತವನ್ನೇ ತನ್ನ ಏರಿಳಿತವೆಂದು ತಿಳಿದವನಿಗೆ ಪ್ರತಿಯೊಂದು ಸಣ್ಣ ದೋಷವೂ ಆತ್ಮನಾಶದಂತೆ ಕಾಣುತ್ತದೆ.

ಹಾಗಾದರೆ ಅಪೂರ್ಣ ಅರಿವಿನವನು ನಡೆಯುವುದು ಹೇಗೆ? ನೆಲದಲ್ಲಿ, ನೀರಿನಲ್ಲಿ, ಗಾಳಿಯಲ್ಲಿ ಎಲ್ಲೆಲ್ಲೂ ಜೀವಗಳಿವೆಯೆಂದು ನಂಬುವ ಧರ್ಮದಲ್ಲಿ ಈ ಪ್ರಶ್ನೆ ಬಹಳ ತೀಕ್ಷ್ಣವಾದುದು. ಸಂಪೂರ್ಣ ನಿರ್ದೋಷವಾಗಿ ನಡೆಯಬೇಕೆಂದರೆ ಕಾಲೆತ್ತಲೂ ಆಗದು. ಪಾಪ ಅಂಟದಂತೆ ನಡೆಯುವುದು, ನಿಲ್ಲುವುದು, ಉಣ್ಣುವುದು, ನುಡಿಯುವುದು ಹೇಗೆಂಬ ಪ್ರಶ್ನೆಗೆ ಮೂಲಾಚಾರವು ಕೊಡುವ ಉತ್ತರ ‘ಯತ್ನ’ದಿಂದ, ಅಂದರೆ ಎಚ್ಚರದಿಂದ ಎಂಬುದಾಗಿದೆ. ಈ ಎಚ್ಚರದ ಮೊದಲ ಪಾಠ ಈರ್ಯಾ ಸಮಿತಿ. ಮುನಿಯು ಹಗಲು ಬೆಳಕಿನಲ್ಲಿ ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡು ನಡೆಯಬೇಕು. ಊರು ಮುಟ್ಟುವವರೆಗಿನ ದಾರಿಯನ್ನೆಲ್ಲ ಮೊದಲೇ ಕಾಣಬೇಕೆಂಬ ವಿಧಿ ಇಲ್ಲ. ಹೀಗೆ ಎಚ್ಚರದಿಂದ ನಡೆಯುವವನಿಗೆ ಅರಿಯದೆ ಆದ ಹಿಂಸೆಯಷ್ಟರಿಂದಲೇ ಬಂಧವಿಲ್ಲ, ಎಚ್ಚರಗೇಡಿಗೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆಯ ದೋಷ ತಪ್ಪದು ಎಂದು ಪ್ರವಚನಸಾರ ಹೇಳುತ್ತದೆ. ತೂಗಬೇಕಾದದ್ದು ಫಲದ ನಿರ್ದುಷ್ಟತೆಯನ್ನಲ್ಲ, ನಡೆಯ ಎಚ್ಚರವನ್ನು.

ಎಡವುವಿಕೆಗೂ ಈ ಮಾರ್ಗದಲ್ಲಿ ಸ್ಥಾನವಿದೆ. ಗೃಹಸ್ಥನಿಗೆ ವಿಧಿಸಿರುವುದು ಅಣುವ್ರತ. ಹೆಸರೇ ಹೇಳುವಂತೆ ಅದು ಶಕ್ತಿಗೆ ತಕ್ಕ ಸಣ್ಣ ವ್ರತ. ತತ್ತ್ವಾರ್ಥಸೂತ್ರವು ವ್ರತಗಳನ್ನು ಹೇಳಿದ ಅಧ್ಯಾಯದಲ್ಲೇ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ಸಂಭವಿಸಬಹುದಾದ ಲೋಪಗಳನ್ನು ಪಟ್ಟಿ ಮಾಡಿದೆ. ಇನ್ನು ಮಹಾವ್ರತಿಯಾದ ಮುನಿಯ ಮನಸ್ಸೂ ಆರನೆಯ ಪ್ರಮತ್ತ ಮತ್ತು ಏಳನೆಯ ಅಪ್ರಮತ್ತ ಗುಣಸ್ಥಾನಗಳ ನಡುವೆ ಅಂತರ್ಮುಹೂರ್ತಕ್ಕೊಮ್ಮೆ, ಎಂದರೆ 48 ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಓಲಾಡುತ್ತಿರುತ್ತದೆ. ಮೋಹವನ್ನು ಅಡಗಿಸಿಕೊಂಡು 11ನೆಯ ಮೆಟ್ಟಿಲಿಗೇರಿದವನಾದರೂ ಅಲ್ಲಿಂದ ಇಳಿಯಲೇಬೇಕು. ಇಳಿದವನಿಗೆ ಮತ್ತೆ ಏರುವ ದಾರಿ ಮುಚ್ಚಿಲ್ಲ. ದೋಷವನ್ನು ಒಪ್ಪಿಕೊಂಡು ಸ್ವಸ್ಥಾನಕ್ಕೆ ಮರಳುವ ಪ್ರತಿಕ್ರಮಣವನ್ನು ನಿತ್ಯದ ಆವಶ್ಯಕಗಳಲ್ಲಿ ಸೇರಿಸಿರುವುದು ಇದಕ್ಕಾಗಿಯೇ. ಎಂದೂ ತಪ್ಪದವರಿಗೆ ಪ್ರತಿದಿನ ಮರಳುವ ವಿಧಿ ಏಕೆ ಬೇಕು?

ಮರಳಲಾರದೆ ಒಳಗೇ ಉಳಿದ ಕೊರಗು ಎಷ್ಟು ಭಾರವೆಂಬುದನ್ನು ಬಾಹುಬಲಿಯ ಕಥೆ ತಿಳಿಸುತ್ತದೆ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಆ ಮಹಾತ್ಮನ ಮೈಗೆ ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು. ತಪಸ್ಸಿನಲ್ಲಿ ಕೊರತೆಯಿರಲಿಲ್ಲ. ಆದರೂ ತನ್ನಿಂದ ಅಣ್ಣ ಭರತನಿಗೆ ನೋವಾಯಿತೆಂಬ ಒಂದು ಎಳೆ ಮನಸ್ಸಿನಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ಭರತನೇ ಬಂದು ಪೂಜಿಸಿದಾಗ ಆ ಎಳೆ ಸಡಿಲಿತು, ಕೇವಲಜ್ಞಾನ ಬೆಳಗಿತು. ಇನ್ನಷ್ಟು ಕಠಿಣ ತಪಸ್ಸು ಅಲ್ಲಿ ಬೇಕಿರಲಿಲ್ಲ. ಹಳೆಯ ತಪ್ಪನ್ನು ನೆನೆನೆನೆದು ಇಂದಿನ ಕೆಲಸವನ್ನು ಇಮ್ಮಡಿ ಬಿಗಿ ಮಾಡಿಕೊಳ್ಳುವವರು ಇದನ್ನು ಮನಗಾಣಬೇಕು. ನೊಂದವರ ಬಳಿ ಆಡುವ ಒಂದು ಕ್ಷಮೆಯ ಮಾತು ನೂರು ತಿದ್ದುಪಡಿಗಳು ಮಾಡದ ಕೆಲಸವನ್ನು ಮಾಡೀತು.

ಇದು ಸೋಮಾರಿತನಕ್ಕೆ ಕೊಟ್ಟ ಪರವಾನಗಿಯಲ್ಲ. ಪ್ರಮಾದವನ್ನು ಜೈನಶಾಸ್ತ್ರ ಬಂಧದ ಕಾರಣಗಳಲ್ಲಿ ಒಂದಾಗಿ ಎಣಿಸಿದೆ. ಆದರೆ ಶ್ರದ್ಧೆ ಬೇರೆ, ‘ನನ್ನ ಕೆಲಸದಲ್ಲಿ ಯಾರೂ ತಪ್ಪು ಹುಡುಕಬಾರದು’ ಎಂಬ ಹಟ ಬೇರೆ. ಎರಡನೆಯದರ ಬೇರು ಮಾನಕಷಾಯದಲ್ಲಿದೆ. ಶ್ರಾವಕನು ಸಂಪತ್ತಿಗೆ, ಭೋಗಕ್ಕೆ, ಸಂಚಾರಕ್ಕೆ ಪರಿಮಾಣ ವ್ರತದಿಂದ ಮಿತಿ ಹಾಕಿಕೊಳ್ಳುವಂತೆ ಸಿದ್ಧತೆಗೂ ಒಂದು ಮಿತಿ ಹಾಕಿಕೊಳ್ಳಬಹುದು: ಇಷ್ಟು ದಿನ ಓದುವೆ, ಎರಡು ಬಾರಿ ತಿದ್ದುವೆ, ಗೊತ್ತಾದ ದಿನ ಒಪ್ಪಿಸುವೆ. ಸಂಜೆ ಸಾಮಾಯಿಕದಲ್ಲಿ ಕುಳಿತಾಗ ಆ ದಿನದ ಲೋಪವನ್ನು ಆಲೋಚಿಸಿ, ಅಲ್ಲಿಗೇ ಬಿಡಬಹುದು.

ಅರ್ಜಿ ತಿರಸ್ಕೃತವಾಗಬಹುದು, ವ್ಯಾಪಾರ ನಷ್ಟ ತರಬಹುದು, ಬರೆದದ್ದರಲ್ಲಿ ಲೋಪ ಉಳಿಯಬಹುದು. ಅದನ್ನು ಮೊದಲೇ ಬಲ್ಲವರು ಕೇವಲಿಗಳು ಮಾತ್ರ. ಉಳಿದವರ ಪಾಲಿಗಿರುವುದು ಎಚ್ಚರದ ಕಣ್ಣು ಮತ್ತು ಮುಂದಿನ ನಾಲ್ಕು ಮೊಳ ನೆಲ. ಅಷ್ಟನ್ನು ನಡೆದವರಿಗೆ ಆಚೆಯ ನಾಲ್ಕು ಮೊಳ ಕಾಣಿಸುತ್ತದೆ.